ಪ್ರಾಗ್‌ನಲ್ಲಿ ಉಣ್ಣುವವರು ಬೇಕಾಗಿದ್ದಾರೆ

ನಮ್ಮ ಯಜಮಾನರು ಕೀಟನಾಶಕ ಮಾರಿ ನನಗೆ ಯುರೋಪು ತೋರಿಸಿದರು. ಉಮದಿಯ ಬಸ್ ಸ್ಟ್ಯಾಂಡಿನ ಎದುರಿಗೇ ನಮ್ಮ ಮನೆ, ಮನೆಯ ಮುಂಭಾಗದಲ್ಲಿ ಬೀಜ, ಗೊಬ್ಬರ, ಔಷಧದ ಅಂಗಡಿ. ಆ ವರ್ಷ ದಾಳಿಂಬೆಗೆ ಎಂಥ ರೋಗ ಬಿತ್ತೆಂದರೆ, ತೋಟದವರು ತಲೆಯ ಮೇಲೆ ಕೈಹೊತ್ತು ಕೂತರು, ನಾವು ಔಷಧದ ಕಂಪನಿಯ ಕಣ್ಣಿಗೆ ಬಿದ್ದೆವು. ಹೀಗೆ ಕಣ್ಣಿಗೆ ಬಿದ್ದ ಅಂಗಡಿಕಾರರಿಗೆಲ್ಲ ಕಂಪನಿ ಬಿಟ್ಟಿ ವಿದೇಶ ತೋರಿಸುತ್ತದೆ. ಹಿಂದಿನ ಸಲ ಬ್ಯಾಂಕಾಕ್ ಇತ್ತು. ಆಗ ಗಂಡಸರಷ್ಟೇ ಹೋಗಿಬಂದರು; ಏನು ನೋಡಿದಿರಿ ಎಂದು ಕೇಳಿದರೆ ಎಲ್ಲರೂ ಒಂದೇ ಬಾಯಲ್ಲಿ ದೇವಸ್ಥಾನ ಎಂದರು. ಈ ಸಲ ಪ್ರಾಗ್, ಜೊತೆಗೆ ಹೆಂಡತಿಯರನ್ನೂ ಕರೆತರಬಹುದು ಎಂದು ಅಪ್ಪಣೆಯಾಯಿತು. ಹೆಂಡತಿಯರು ಬಂದರೆ ದೇವಸ್ಥಾನ ಕಡಿಮೆಯಾಗುತ್ತದೆಂದು ಕಂಪನಿಗೂ ಹೊಳೆದಿರಬೇಕು.

ಆದರೆ ವೀಸಾಕ್ಕೆ ಕಾಗದ ಕೊಡುವ ಹೊತ್ತಿಗೆ ಸರಿಯಾಗಿ ಯಜಮಾನರು ಗೋದಾಮಿನ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಬಿಟ್ಟಿ ಬಂದದ್ದನ್ನು ಬಿಡುವುದು ನಮ್ಮ ಮನೆತನದಲ್ಲೇ ಇಲ್ಲ. ಪಶುಪತಿನಾಥನಿಗೆ ಹೋಗಬೇಕೆಂದು ಅತ್ತೆ ಯಾವತ್ತೋ ಮಾಡಿಸಿಟ್ಟ ಪಾಸ್‌ಪೋರ್ಟು ಟ್ರಂಕಿನಲ್ಲಿತ್ತು. ಗಂಡನ ಜಾಗದಲ್ಲಿ ಗಂಡನ ತಾಯಿ ಬಂದು ಕೂತರು. ನಾನು ಪರದೇಶಕ್ಕೆ ಹೊರಟದ್ದು ಅತ್ತೆಯ ಜೋಡಿಯಾಗಿ.

ನನ್ನ ತವರು ಯಳವಿ, ಅತ್ತೆಯದು ಗುಡ್ಡಾಪುರ. ದಾಸೋಹದ ದೇವಿ ದಾನಮ್ಮನ ಊರಿನಲ್ಲಿ ಹುಟ್ಟಿದವರಿಗೆ ಕಂಡವರಿಗೆಲ್ಲ ಉಣಿಸುವ ಹುಚ್ಚು ಇರುತ್ತದೆ, ಇವರಿಗೆ ಸ್ವಲ್ಪ ಜಾಸ್ತಿ. ದಿನಾ ಬೆಳಗ್ಗೆ ಹೊರಗಿನವರೊಬ್ಬರಿಗೆ ತಮ್ಮ ಕೈಯಿಂದ ನೀಡಿ, ಆ ತುತ್ತು ಅವರ ಗಂಟಲಿಗಿಳಿದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಇವರು ಉಣ್ಣುವುದು. ಮನೆಯವರು ಲೆಕ್ಕಕ್ಕಿಲ್ಲ. ಜೊತೆಗೆ ಬಂದವರು ಲೆಕ್ಕಕ್ಕಿಲ್ಲ. ದನ, ನಾಯಿ, ಪಕ್ಷಿಗಳೂ ಇಲ್ಲ. ಊರಿನಲ್ಲಿ ಇದೇನೂ ಕಷ್ಟವಲ್ಲ. ವಿಜಯಪುರದ ಕಡೆ ಹೋಗುವ ಬಸ್ಸು ಯಾವತ್ತೂ ಹೊತ್ತಿಗೆ ಬರುವುದಿಲ್ಲ, ಕಾದು ಹಸಿದವರು ನಮ್ಮ ಕಟ್ಟೆಯ ಮೇಲೆ ಇದ್ದೇ ಇರುತ್ತಾರೆ. ಕಂಡಕ್ಟರ್ ಉಂಡಿದ್ದಾನೆ, ಬಳೆ ಮಾರುವ ಸಾಬರ ಹೆಣ್ಣುಮಗಳು ಉಂಡಿದ್ದಾಳೆ, ನಮ್ಮ ಅಂಗಡಿಯ ಔಷಧ ಹೊಡೆದರೂ ಹುಳ ಸಾಯಲಿಲ್ಲವೆಂದು ಜಗಳಕ್ಕೆ ಬಂದವನೂ ಉಂಡು ಹೋಗಿದ್ದಾನೆ. ಪುಣ್ಯ ಅತ್ತೆಯದು, ರೊಟ್ಟಿ ಬಡಿಯುವುದು ನನ್ನದು. ಮೊದಲು ಬಂದವರು ಉಣ್ಣಬೇಕು, ಆಮೇಲೆ ಅತ್ತೆ, ಆಮೇಲೆ ಯಜಮಾನರು, ಮಕ್ಕಳು, ಎಲ್ಲರದ್ದೂ ಮುಗಿದು ಬುಟ್ಟಿಯಲ್ಲಿ ಉಳಿದದ್ದು ನನಗೆ. ಮದುವೆಯಾಗಿ ಬಂದಾಗಿನಿಂದ ನಾನು ಬಿಸಿ ರೊಟ್ಟಿಯನ್ನು ಕೈಯಲ್ಲಿ ಹಿಡಿದಿದ್ದೇನೆ, ಬಾಯಲ್ಲಿ ಇಟ್ಟುಕೊಂಡಿಲ್ಲ.

ಹೊರಡುವ ದಿನ ಯಜಮಾನರು ಪ್ಲಾಸ್ಟರಿನ ಕಾಲು ದಿಂಬಿನ ಮೇಲಿಟ್ಟುಕೊಂಡು ನನಗೆ ತಾಕೀತು ಮಾಡಿದರು.

"ಅವ್ವಗ ಸಕ್ರಿ ರೋಗ ಐತಿ, ನೆನಪಿರಲಿ. ಮುಂಜಾನಿ ಗುಳಿಗಿ ತಗೊಂಡ ಮ್ಯಾಲ ಲಗೂನ ಉಣ್ಲಿಲ್ಲಂದ್ರ ಕೈಕಾಲ ನಡಗತಾವ, ಕಣ್ಣಿಗಿ ಕತ್ತಲಿ ಬರತೈತಿ. ಹೆಂಗ ಕರಕೊಂಡ ಹೊಂಟೀಯೋ ಹಂಗ ಕರಕೊಂಡ ಬಾ."

ಹಾಗಾಗಿ ನನ್ನ ಚೀಲದಲ್ಲಿ ಸಜ್ಜೆಯ ಕಡಕ್ ರೊಟ್ಟಿಯ ದೊಡ್ಡದೊಂದು ಕಟ್ಟು, ಶೇಂಗಾ ಚಟ್ನಿಯ ಡಬ್ಬಿ. ಬಾಕಿ ಹೆಂಗಸರ ಚೀಲದಲ್ಲಿ ಲಿಪ್‌ಸ್ಟಿಕ್ ಇತ್ತು.

ಪ್ರಾಗ್ ಚೆಂದದ ಊರು, ಸುಳ್ಳು ಹೇಳಬಾರದು. ಮನೆಗಳಿಗೆಲ್ಲ ಬರ್ಫಿಯ ಬಣ್ಣ, ಎಲ್ಲಿ ನೋಡಿದರೂ ಗೋಪುರ. ಜತ್ ಊರಿನ ಅಂಗಡಿಕಾರರೊಬ್ಬರು ಪ್ರತಿ ಗೋಪುರದ ಕೆಳಗೂ ನಿಂತು, "ಏನ ಅನ್ರಿ, ನಮ್ಮ ಗೋಲಗುಮ್ಮಟದ ಮುಂದ ಇದೇನಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಗೋಲಗುಮ್ಮಟದೊಳಗೆ ಹೋಗಿದ್ದೀರೇನು ಎಂದು ಕೇಳಿದೆ. ಬಸ್ಸಿನಿಂದ ನೋಡಿದ್ದರಂತೆ. ನಮ್ಮ ಗುಂಪಿಗೆಲ್ಲ ಕಂಪನಿ ಒಂದೊಂದು ಕಿತ್ತಳೆ ಬಣ್ಣದ ಟೊಪ್ಪಿಗೆ ಕೊಟ್ಟಿತ್ತು. ಅದರ ಮೇಲೆ ಅಂಗಾತ ಬಿದ್ದು ಸತ್ತ ಹಸಿರು ಹುಳದ ಚಿತ್ರ. ಅತ್ತೆ ಅದನ್ನು ಸೆರಗಿನ ಮೇಲೆಯೇ ಹಾಕಿಕೊಂಡರು. ನಮ್ಮನ್ನು ಮೇಯಿಸಲು ಪುಣೆಯಿಂದ ಬಂದ ಟೂರ್ ಮ್ಯಾನೇಜರ್ ಒಬ್ಬನಿದ್ದ. ಕೈಯಲ್ಲಿ ಮಡಚಿದ ಛತ್ರಿ, ಬಾಯಲ್ಲಿ ಎರಡೇ ಮಾತು, "ಫೋಟೋ ಫೋಟೋ" ಮತ್ತು "ಚಲಾ ಚಲಾ". ಮೊದಲನೆಯದಕ್ಕೆ ನಿಲ್ಲಬೇಕು, ಎರಡನೆಯದಕ್ಕೆ ಓಡಬೇಕು. ನೋಡುವುದಕ್ಕೆ ಅವನ ಬಳಿ ಶಬ್ದವಿರಲಿಲ್ಲ.

ಮೊದಲ ಬೆಳಗ್ಗೆ ಅತ್ತೆಗೆ ಹೋಟೆಲಿನ ಕೋಣೆ ಗುಡಿಸುವ ಹೆಂಗಸು ಸಿಕ್ಕಳು. ಬಾಗಿಲಿಗೆ ಅಡ್ಡ ನಿಂತು ಅವಳ ಕೈಯಲ್ಲಿ ರೊಟ್ಟಿ ಇಟ್ಟರು. ಅವಳು ಕಡಿದಾಗ ಬಂದ ಸದ್ದಿಗೆ ಅವಳೇ ಬೆಚ್ಚಿ, ನಕ್ಕು, ಪೂರ್ತಿ ತಿಂದಳು. ಮರುದಿನ ಬಸ್ಸಿನ ಡ್ರೈವರ್ ಬಲಿಯಾದ. ಚಟ್ನಿ ನಾಲಿಗೆಗೆ ಮುಟ್ಟಿದ್ದೇ ಅವನ ಕಣ್ಣಲ್ಲಿ ನೀರು ಬಂತು. ಅದು ಭಕ್ತಿಯ ನೀರೆಂದು ಅತ್ತೆ ಊರಿಗೆ ಬಂದ ಮೇಲೂ ಹೇಳುತ್ತಿದ್ದಾರೆ.

ಮೂರನೆಯ ದಿನ ಹಳೇ ಪೇಟೆಯನ್ನು ನಡೆದೇ ನೋಡುವುದಿತ್ತು. ಅಲ್ಲಿಗೆ ಬಸ್ಸು ಬಿಡುವುದಿಲ್ಲ, ಡ್ರೈವರ್‌ಗೆ ರಜೆ. ಕೋಣೆಯವಳು ಬರುವ ಮೊದಲೇ ಛತ್ರಿ ನಮ್ಮನ್ನು ಹೊರಡಿಸಿತು. ಅತ್ತೆ ಎದ್ದ ಕೂಡಲೇ ರೂಢಿಯಂತೆ ಗುಳಿಗೆ ನುಂಗಿದ್ದರು. ಅವರು ಯಾರಿಗೂ ಉಣಿಸಿಲ್ಲ, ಆದ್ದರಿಂದ ಉಂಡೂ ಇಲ್ಲ ಎನ್ನುವುದು ನನಗೆ ಹೊಳೆದದ್ದು ನದಿಯ ಮೇಲಿನ ಕಲ್ಲಿನ ಸೇತುವೆ ಹತ್ತಿದ ಮೇಲೆ.

ಆ ಸೇತುವೆಯ ಎರಡೂ ಕಡೆ ಸಾಲುಸಾಲಾಗಿ ಸಂತರ ಮೂರ್ತಿಗಳು. ಒಬ್ಬ ಸಂತನ ಪಾದದ ಕೆಳಗಿನ ಹಿತ್ತಾಳೆಯ ಹಲಗೆಯನ್ನು ಜನ ಮುಟ್ಟಿ ಮುಟ್ಟಿ ಚಿನ್ನದಂತೆ ಮಾಡಿಟ್ಟಿದ್ದರು. ಅದನ್ನು ಉಜ್ಜಿದವರು ಮತ್ತೆ ಈ ಊರಿಗೆ ಬರುತ್ತಾರಂತೆ ಎಂದು ಮ್ಯಾನೇಜರ್ ಹೇಳಿದ್ದೇ ತಡ, ನಮ್ಮ ಅಂಗಡಿಕಾರರೆಲ್ಲ ಮುಗಿಬಿದ್ದು ಉಜ್ಜಿದರು. ಇವರು ಮತ್ತೆ ಬರಬೇಕಾದರೆ ದಾಳಿಂಬೆಗೆ ಮತ್ತೆ ರೋಗ ಬೀಳಬೇಕು. ಸತ್ತ ಹುಳದ ಟೊಪ್ಪಿಗೆ ತೊಟ್ಟು, ಕಣ್ಣು ಮುಚ್ಚಿ, ಅದನ್ನೇ ಬೇಡಿಕೊಂಡರು. ತೋಟದವರು ಅಲ್ಲಿರಲಿಲ್ಲವಾದ್ದರಿಂದ ಸಂತ ಬಚಾವಾದ.

ಸ್ವಲ್ಪ ಮುಂದೆ ಒಬ್ಬ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿ, ಎರಡೂ ಕೈ ಮುಂದೆ ಚಾಚಿ ಅಲುಗಾಡದೆ ಬಿದ್ದಿದ್ದ. ಅತ್ತೆ ಅವನೆದುರು ಕೈಮುಗಿದು ನಿಂತರು.

"ದೀಡ ನಮಸ್ಕಾರ ಹಾಕಾಕತ್ತಾನವಾ. ಪಾಪ, ಎಲ್ಲಿಂದ ಹಾಕ್ಕೋತ ಬಂದಾನೋ ಏನೋ."

ಅವನು ಎದ್ದು ಮುಂದಿನ ನಮಸ್ಕಾರ ಹಾಕಲೆಂದು ಅತ್ತೆ ಕಾದರು. ಅವನು ಏಳಲಿಲ್ಲ. ಅವನ ಕೈಯಲ್ಲಿದ್ದ ಟೊಪ್ಪಿಗೆ ತೋರಿಸಿ, ಅದು ಹರಕೆಯಲ್ಲ, ಭಿಕ್ಷೆ ಎಂದು ಹೇಳಿದೆ.

"ಭಿಕ್ಷಾ ಬೇಡಾವ ಮಾರಿ ಮ್ಯಾಲೆತ್ತಿ ಬೇಡಬೇಕಲ್ಲ. ಮಾರಿ ನೋಡದ ಹೆಂಗ ನೀಡೂದು?" ಎಂದು ಬೈದು, ಅವನ ಟೊಪ್ಪಿಗೆಯಲ್ಲಿ ರೊಟ್ಟಿ ಇಟ್ಟರು. ಅವನು ತಲೆಯೆತ್ತಿ ನೋಡಿ, ರೊಟ್ಟಿಯನ್ನು ಮೆಲ್ಲಗೆ ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟು, ಮತ್ತೆ ಹಣೆ ನೆಲಕ್ಕೆ ಹಚ್ಚಿದ. ಬೇಡ ಎನ್ನಲಿಲ್ಲ, ಉಣ್ಣಲೂ ಇಲ್ಲ. ಅತ್ತೆಯ ಕಾಯಿದೆಯಲ್ಲಿ ಅದಕ್ಕೆ ಜಮಾ ಇಲ್ಲ.

"ಚಲಾ ಚಲಾ" ಎಂದಿತು ಛತ್ರಿ.

ಅಲ್ಲಿಂದ ಮುಂದೆ ನಾನು ಪ್ರಾಗ್ ನೋಡಲಿಲ್ಲ, ಪ್ರಾಗ್‌ನ ಬಾಯಿಗಳನ್ನು ನೋಡಿದೆ. ಬಾಕಿ ಜನ ಹಣ ಕೊಟ್ಟು, ಹಿಂದಿನ ಕಾಲದವರು ಅಪರಾಧಿಗಳನ್ನು ಹಿಂಸಿಸಲು ಬಳಸುತ್ತಿದ್ದ ಸಾಮಾನುಗಳ ಮ್ಯೂಸಿಯಂ ಹೊಕ್ಕರು. ವ್ಯಾಪಾರದ ದೃಷ್ಟಿಯಿಂದ ನೋಡಬೇಕಾದ್ದೇ. ನಾನು ಹೊರಗೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿ, ಯಾರಾದರೂ ಒಪ್ಪಿದರೆ ಅವರ ಕೈಯಿಂದಲೇ ನೀಡಿಸೋಣವೆಂದು ರೊಟ್ಟಿ ಹಿಡಿದು ಹಾದುಹೋಗುವವರ ಮುಂದೆ ಚಾಚಿದೆ. ಮದುವೆಯ ಬಟ್ಟೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದು ನನ್ನನ್ನು ಫೋಟೋದಿಂದ ಸರಿಯಲು ಹೇಳಿತು. ಒಬ್ಬ ಹುಡುಗಿ ನಿಂತು, ಇದು ಯಾವ ಹಿಟ್ಟಿನದು ಎಂದು ಇಂಗ್ಲಿಷಿನಲ್ಲಿ ಕೇಳಿ, ನಾನು ಬಾಜ್ರಾ ಎಂದದ್ದನ್ನು ಫೋನಿನಲ್ಲಿ ಹುಡುಕಿ, ಇದು ಹಕ್ಕಿಗಳಿಗೆ ಹಾಕುವ ಕಾಳು ಎಂದು ಓದಿ ಹೇಳಿ ಹಿಂದೆ ಸರಿದಳು. ಅವಳ ಕೈಯಲ್ಲಿದ್ದದ್ದು ಕಬ್ಬಿಣದ ಸಲಾಕೆಗೆ ಸುತ್ತಿ ಸುಟ್ಟ ಹಿಟ್ಟಿನ ಕೊಳವೆ, ಒಳಗೆ ಐಸ್‌ಕ್ರೀಮ್. ಅದನ್ನು ಮಾರುವ ಅಂಗಡಿಯ ಮೇಲೆ ಪುರಾತನ ಸಂಪ್ರದಾಯದ ತಿನಿಸು ಎಂಬ ಬೋರ್ಡಿತ್ತು. ಮೊನ್ನೆ ಮೊನ್ನೆ ಶುರುವಾದದ್ದೆಂದು ಮ್ಯಾನೇಜರನೇ ಪಿಸುಗುಟ್ಟಿದ್ದ. ಆಮೇಲೆ ಪೊಲೀಸನೊಬ್ಬ ಬಂದು, ಇಲ್ಲಿ ಮಾರುವಂತಿಲ್ಲ ಎಂದು ಸನ್ನೆ ಮಾಡಿದ. ಮಾರುವುದಲ್ಲ, ಬಿಟ್ಟಿ ಎಂದು ಕೈಬಾಯಿ ಸನ್ನೆಯಲ್ಲಿ ತಿಳಿಸಿದೆ. ಆಗ ಅವನ ಸಂಶಯ ಹೆಚ್ಚಾಯಿತು. ಉಚ್ಚೆ ಹೊಯ್ಯಲೂ ಹಣ ಎಣಿಸುವ ಊರಿನಲ್ಲಿ ಬಿಟ್ಟಿ ಕೊಡುವವರು ಕಳ್ಳರೇ ಇರಬೇಕಲ್ಲ. ಅವನಿಗೇ ಒಂದು ರೊಟ್ಟಿ ಚಾಚಿದೆ. ಅವನು ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟ. ನಾನು ಚೀಲ ಮುಚ್ಚಿದೆ.

ಕೊನೆಗೆ ಊರ ನಡುವಿನ ಚೌಕಕ್ಕೆ ಬಂದೆವು. ಅಲ್ಲಿ ಗೋಡೆಯ ಮೇಲೊಂದು ಬಹಳ ಹಳೆಯ ಗಡಿಯಾರ. ತಾಸಿಗೊಮ್ಮೆ ಅದರ ಕಿಟಕಿ ತೆರೆದು ಗೊಂಬೆಗಳು ಹಾದುಹೋಗುತ್ತವೆ, ಅದನ್ನು ನೋಡಲು ಜಗತ್ತೇ ಕೂಡಿತ್ತು. ಅತ್ತೆ ಗೋಡೆಗೆ ಆತು ಮೆಟ್ಟಿಲ ಮೇಲೆ ಕುಸಿದು ಕೂತರು. ಕೈ ಹಿಡಿದು ನೋಡಿದೆ. ನಡುಗುತ್ತಿತ್ತು, ಬೆವರಿನಿಂದ ತಣ್ಣಗಾಗಿತ್ತು. ಚೀಲದಲ್ಲಿದ್ದ ಬೆಲ್ಲದ ಚೂರು ತೆಗೆದು ಬಾಯಿಗೆ ಹಿಡಿದೆ. ಅತ್ತೆ ತುಟಿ ಬಿಗಿದರು. ನನಗೆ ನಿಜವಾಗಿ ಭಯವಾಯಿತು, ಭಯ ಸಿಟ್ಟಾಗಿ ಹೊರಗೆ ಬಂತು.

"ಇಲ್ಲೇ ಸತ್ತು ಗಿತ್ತು ಹೋದ್ರ ನಿಮ್ಮ ಮಗಗ ಏನ್ ಹೇಳ್ಲಿ ನಾ? ಹಸದು ಸಾಯಿ ಅಂತ ದಾನಮ್ಮ ಹೇಳ್ಯಾಳೇನ್ರಿ?"

ಮೇಲೆ ಗಡಿಯಾರದಲ್ಲಿ ಎಲುಬಿನ ಗೊಂಬೆಯೊಂದು ಗಂಟೆಯ ಹಗ್ಗ ಎಳೆಯಿತು. ಎಲ್ಲರೂ ಫೋನು ಮೇಲೆತ್ತಿದರು. ಅತ್ತೆ ಮಾತ್ರ ನನ್ನನ್ನೇ ನೋಡಿದರು, ಸಂತೆಯಲ್ಲಿ ಹೋರಿಯ ಹಲ್ಲು ನೋಡುವ ಹಾಗೆ, ಬಹಳ ಹೊತ್ತು. ಆಮೇಲೆ ಚೀಲ ಎಳೆದುಕೊಂಡು, ರೊಟ್ಟಿ ಮುರಿದು, ಚಟ್ನಿ ಹಚ್ಚಿ ನನ್ನ ಮುಂದೆ ಹಿಡಿದರು.

"ಕುಂದರ. ಉಣ್ಣ."

"ನಾ ಉಂಡ್ರ ಹೆಂಗ ನಡೀತೈತ್ರಿ? ಮನಿಯಾಕಿ ನಾ."

"ನೀ ಯಾವಾಗ ಮನಿಯಾಕಿ ಆದಿ? ಯಳವಿಯವರ ಮಗಳು. ಹೊರಗಿಂದ ಬಂದಾಕಿ."

"ಜೋಡಿ ಬಂದಾಕಿ ಅಲ್ಲೇನ್ರಿ?"

"ಟಿಕೀಟ ಮೊದಲ ಬಂದಿದ್ದು ನಿನಗ. ನಾ ನಿನ್ನ ಜೋಡಿ ಬಂದೀನಿ. ನೀ ನನ್ನ ಜೋಡಿ ಬಂದಿಲ್ಲ. ಉಣ್ಣ, ಲಗೂನ."

ಜೀವ ಬಾಯಿಗೆ ಬಂದಿದ್ದರೂ ವಕೀಲಿಕೆಯಲ್ಲಿ ಕುಂದಿರಲಿಲ್ಲ. ಆ ಮನೆಯಲ್ಲಿ ನಾನು ಎರಡು ಹೆತ್ತಿದ್ದೇನೆ, ಮಾವನವರು ಹಾಸಿಗೆ ಹಿಡಿದಾಗ ಕೊನೆಯವರೆಗೆ ತೊಳೆದು ಬಳಿದಿದ್ದೇನೆ, ಆ ಮನೆಯ ಒಲೆಯ ಹೊಗೆಗೆ ಕಣ್ಣು ಕೊಟ್ಟಿದ್ದೇನೆ. ಅಷ್ಟಾದ ಮೇಲೂ ನಾನು ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತವರ ಪೈಕಿ. ಇದು ಯುರೋಪಿಗೆ ಬಂದು ತಿಳಿದ ಇತಿಹಾಸ. ರೊಟ್ಟಿಯನ್ನು ಅವರ ಮುಖಕ್ಕೇ ಎಸೆಯುವಷ್ಟು ಸಿಟ್ಟು ಬಂತು. ಆದರೆ ಅವರ ಕೈ ನಡುಗುತ್ತಿತ್ತು. ಬಾಯಿ ತೆರೆದೆ. ಅತ್ತೆ ತುತ್ತಿಟ್ಟರು, ಅದೇ ಮೊದಲು. ನುಂಗುವವರೆಗೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಅಳು ಬಂತು, ಚಟ್ನಿಯ ಖಾರದ ಮೇಲೆ ಹಾಕಿದೆ.

ಆಮೇಲೆ ಅವರು ಬೆಲ್ಲ ತಿಂದರು, ರೊಟ್ಟಿ ತಿಂದರು, ನೀರು ಕುಡಿದರು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು, ಟೊಪ್ಪಿಗೆ ಸರಿಮಾಡಿಕೊಂಡರು. ಗಡಿಯಾರ ನೋಡಿದಿರಾ ಎಂದು ಮ್ಯಾನೇಜರ್ ಓಡಿಬಂದು ಕೇಳಿದ. ಗೊಂಬೆಗಳು ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡಿತ್ತು.

ಊರಿಗೆ ಬಂದ ದಿನ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಕೂಡಿದರು. ಆ ಊರಿನಲ್ಲೂ ಒಂದು ದಿನ ತಪ್ಪದೆ ಉಣಿಸಿದೆ ಎಂದು ಅತ್ತೆ ಹೇಳಿಕೊಂಡರು. ಗುಡಿಸುವವಳ ಕಥೆ ಆಯಿತು, ಡ್ರೈವರನ ಭಕ್ತಿಯ ಕಥೆ ಆಯಿತು. ಮೂರನೆಯ ದಿನ ಯಾರು ಸಿಕ್ಕರು ಎಂದು ಯಾರೋ ಕೇಳಿದರು.

"ಯಾರೋ ಒಬ್ಬಾಕಿ ಪರದೇಶಿ ಹೆಣ್ಣಮಗಳು. ಪಾಪ, ಭಾಳ ಹಸದಿದ್ಳು," ಎಂದರು ಅತ್ತೆ, ನಾನು ಚಹಾ ತಂದಿಡುತ್ತಿದ್ದಾಗಲೇ, ನನ್ನ ಕಡೆ ನೋಡದೆ.

ಮರುದಿನ ಬೆಳಗ್ಗೆ ರೊಟ್ಟಿ ಬಡಿದಿಟ್ಟು ಕೈತೊಳೆದೆ. ಕಟ್ಟೆಯ ಮೇಲೆ ಆಗಲೇ ಯಾರೋ ಬಸ್ಸಿಗೆ ಕಾಯುತ್ತಿದ್ದರು, ಅವರನ್ನು ಕರೆಯಲು ಅತ್ತೆ ಹೊರಟಿದ್ದರು. ನಾನು ಪಡಸಾಲೆಗೆ ಬಂದು, ಬಂದವರು ಕೂಡುವ ಚಾಪೆಯ ಮೇಲೆ ಕೂತು, ತಾಟು ಮುಂದಿಟ್ಟುಕೊಂಡೆ. ಯಜಮಾನರು ಪ್ಲಾಸ್ಟರ್ ಮರೆತು ಎದ್ದು ಕೂತರು.

"ಏನವಾ ಇದು?" ಎಂದರು ಅತ್ತೆ.

"ಯಳವಿಯಿಂದ ಬಂದೀನ್ರಿ. ಹಸದೀನಿ. ನೀಡ್ರಿ."

ಅತ್ತೆ ಬಾಗಿಲಲ್ಲೇ ನಿಂತರು. ಹಸಿದು ಬಂದು ಕೂತವರನ್ನು ಎಬ್ಬಿಸಿ ಕಳಿಸಿದರೆ ಅವರು ಗುಡ್ಡಾಪುರದವರೇ ಅಲ್ಲ. ಒಳಗೆ ಹೋಗಿ, ಬುಟ್ಟಿಯಲ್ಲಿ ಮೇಲಿದ್ದ ಬಿಸಿ ರೊಟ್ಟಿ ತಂದು ನನ್ನ ತಾಟಿಗೆ ಹಾಕಿದರು. ಬೆಣ್ಣೆ ಕೇಳಿದೆ, ಬೆಣ್ಣೆ ತಂದರು.

ಈಗ ನಮ್ಮ ಮನೆಯಲ್ಲಿ ದಿನಾ ಮೊದಲು ಉಣ್ಣುವವಳು ನಾನೇ. ತುತ್ತು ಕೆಳಗಿಳಿಯುವವರೆಗೂ ಅತ್ತೆ ಹಸಿದ ಹೊಟ್ಟೆಯಲ್ಲಿ ನನ್ನ ಗಂಟಲು ನೋಡುತ್ತ ನಿಂತಿರುತ್ತಾರೆ. ನಾನು ನಿಧಾನವಾಗಿ ಅಗಿಯುತ್ತೇನೆ.