ಗುಂಬಜದೊಳಗಿನ ಬಿಸಿಲು

ಕಳೆದ ವಾರ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳನ್ನು ನೋಡಲು ಹೋಗಿದ್ದೆವು. ಗೈಡ್ ಬಾಗಿಲಲ್ಲಿ ನಿಂತು ಕನ್ನಡಿ ಹಿಡಿದು, ಹೊರಗಿನ ಬಿಸಿಲನ್ನು ಗುಂಬಜದ ಕತ್ತಲೆಗೆ ತಿರುಗಿಸಿದ. ಗೋಡೆಯ ಮೇಲಿನ ಬಣ್ಣದ ಹೂಬಳ್ಳಿ ಎದ್ದು ಕಂಡಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನನಗೆ ಮಾತ್ರ ಹೀಗೇ ಕನ್ನಡಿ ಹಿಡಿಯುತ್ತಿದ್ದ ಒಬ್ಬ ಚಾಚಾ ನೆನಪಾದ...

ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಕೆಲವೇ ದಿನಗಳಾಗಿದ್ದವು. ಭಾಲ್ಕಿಯಿಂದ ಬೀದರಿಗೆ ಸೊಸೆಯಾಗಿ ಬಂದಿದ್ದ ನಾನು, ನಿಜಾಮನ ಪರ ಊರೂರು ಸುಲಿಯುತ್ತಿದ್ದ ರಜಾಕಾರರ ಭಯಕ್ಕೆ ತಿಂಗಳುಗಟ್ಟಲೆ ಹೊಸ್ತಿಲು ದಾಟಿರಲಿಲ್ಲ. ಎಲ್ಲಾದರೂ ಕರೆದುಕೊಂಡು ಹೋಗಿ ಎಂದು ಗಂಡನ ತಲೆ ತಿಂದೆ. ಆಗೆಲ್ಲ ಬರೀ ನೋಡುವುದಕ್ಕೆಂದು ಗಂಡ ಹೆಂಡತಿ ತಿರುಗುವುದುಂಟೆ? ದೇವರ ನೆಪ ಬೇಕಿತ್ತು. ಅತ್ತೆಗೆ ಪಾಪನಾಶದ ದರ್ಶನವೆಂದು ಹೇಳಿ ಅಷ್ಟೂರಿನ ದಾರಿ ಹಿಡಿದೆವು.

ಗೋರಿಗಳನ್ನು ಕಾಯುತ್ತಿದ್ದ ಮುದುಕ ಚಾಚಾ ನಮ್ಮನ್ನು ಕಂಡು ಹಿಗ್ಗಿಹೋದ. "ಭಾಳ ದಿನಕ್ಕ ಮಂದಿ ಬಂದೀರಿ. ಒಳಗ ನಿಂದರ್ರಿ ಬೇಟಿ, ಚಿತ್ರಾ ತೋರಿಸ್ತೇನಿ" ಎಂದ. ನನ್ನ ಹಟ ಕೇಳಬೇಕೆ! "ಆ ಮೂಲಿ ಇನ್ನೊಮ್ಮಿ ತೋರಿಸ್ರಿ ಚಾಚಾ" ಎಂದು ಮತ್ತೆ ಮತ್ತೆ ಕೇಳಿದೆ. ಅವನು ಹೊರಗೆ ನಿಂತು ಕನ್ನಡಿಯನ್ನು ಆಚೀಚೆ ಹೊರಳಿಸುತ್ತಲೇ ಇದ್ದ. ಅದರ ಮಿಂಚು ದೂರದ ಹೊಲಗಳಿಗೂ ಕಾಣುತ್ತದೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಅಡಗಿದ್ದ ರಜಾಕಾರರನ್ನು ಹುಡುಕುತ್ತಿದ್ದ ಬಂದೂಕಿನವರು ನಾಲ್ಕು ಜನ ಓಡಿಬಂದರು.

"ಯಾರಿಗಿ ಇಶಾರಾ ಮಾಡ್ಲಿಕತ್ತೀದಿ?"

"ಇಶಾರಾ ಅಲ್ರಿ. ಮೆಹಮಾನರಿಗಿ ಚಿತ್ರಾ ತೋರಿಸ್ಲಿಕತ್ತಿದ್ದೆ."

"ಎಲ್ಲಿ ಮೆಹಮಾನರು? ಒಳಗ ಯಾರರ ಅದಾರೇನು?"

ನಾವು ಇದ್ದೇವೆ ಎಂದು ಹೊರಗೆ ಬಂದಿದ್ದರೆ ಅವನ ಮಾತು ನಿಜವಾಗಿ, ಬಿಟ್ಟುಬಿಡುತ್ತಿದ್ದರು. ಗಂಡ ನನ್ನ ಬಾಯಿಯನ್ನು ಒತ್ತಿ ಹಿಡಿದಿದ್ದ. ಸುಳ್ಳೇಕೆ ಹೇಳಲಿ, ಹಿಡಿಯದಿದ್ದರೂ ನನಗೆ ದನಿ ಬರುತ್ತಿರಲಿಲ್ಲ. ಚಾಚಾ ಒಮ್ಮೆ ಒಳಗಿನ ಕತ್ತಲೆಯತ್ತ ನೋಡಿದ. ಹದಿನಾರರ ಹುಡುಗಿಯನ್ನು ಬಂದೂಕುಗಳ ಮುಂದೆ ನಿಲ್ಲಿಸಲು ಅವನಿಗೆ ಮನಸ್ಸಾಗಲಿಲ್ಲವೇನೋ.

"ಯಾರೂ ಇಲ್ರಿ... ಹೋದ್ರು" ಎಂದ.

ಒಬ್ಬ ಬಾಗಿಲಲ್ಲಿ ಇಣುಕಿದ; ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಚಾಚಾನನ್ನು ಎಳೆದುಕೊಂಡು ಹೋದರು. ನಾವು ಹೊರಬಂದಾಗ ಕನ್ನಡಿ ಮೆಟ್ಟಿಲ ಮೇಲೆ ಒಡೆದು ಬಿದ್ದಿತ್ತು.

ಮನೆಯಲ್ಲಿ ಅತ್ತೆ "ದರ್ಶನ ಛಲೋ ಆಯ್ತೇನು?" ಎಂದು ಕೇಳಿದರು. "ಆಯ್ತ್ರಿ" ಎಂದೆ. ಚಾಚಾ ತಿರುಗಿ ಬರಲೇ ಇಲ್ಲವೆಂದು ತಿಂಗಳ ಮೇಲೆ ಅಷ್ಟೂರಿನ ಹಾಲಿನವಳಿಂದ ತಿಳಿಯಿತು. ಅವತ್ತು ಗಂಡನಿಗೆ ಊಟ ಸೇರಲಿಲ್ಲ, ನನಗೂ ಸೇರಲಿಲ್ಲ. ಆದರೂ ಅವರು ಸಾಯುವ ತನಕ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಹೇಡಿಗಳು ನಾವು. ಈಗಲಾದರೂ ಬರೆದುಬಿಡುತ್ತೇನೆ...

ಕಳೆದ ವಾರ ಎಲ್ಲರೂ ಹೊರಗೆ ಹೋದ ಮೇಲೂ ನಾನು ಅವತ್ತು ನಾವಿಬ್ಬರೂ ಅವಿತಿದ್ದ ಮೂಲೆಯಲ್ಲೇ ನಿಂತಿದ್ದೆ. ಗೈಡ್ ಕನ್ನಡಿಯನ್ನು ಬಗಲಿಗೆ ಸೇರಿಸಿ, ಬಾಗಿಲು ಹಾಕುವ ಮುನ್ನ ಕೂಗಿದ.

"ಒಳಗ ಯಾರರ ಅದಾರೇನ್ರಿ?"

"ಅದೇವ್ರಿ" ಎಂದೆ. "ನಾವಿಬ್ರೂ ಒಳಗ ಅದೇವ್ರಿ."

ಅವನು ಬಗ್ಗಿ ನೋಡಿ ನಕ್ಕ. "ಒಬ್ರೇ ಅದೀರಲ್ರಿ ಅಮ್ಮಾ... ಬರ್ರಿ."