ಒಳಗೆ ಹೊಲಿಗೆಯಿಲ್ಲದ ಟೋಪಿ

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ, ಕಾಂತಪ್ಪ ದಪ್ಪನೆಯ ಉಣ್ಣೆ ಬಟ್ಟೆಯನ್ನು ಹಬೆಗೆ ಹಿಡಿದಿದ್ದಾರೆ. ಮೆತ್ತಗಾದ ಕೂಡಲೇ ಅದನ್ನು ತಲೆಯಾಕಾರದ ಮರದ ಅಚ್ಚಿನ ಮೇಲೆ ಎಳೆದು, ಸುತ್ತ ದಾರ ಬಿಗಿಯುತ್ತಾರೆ. "ಬಿಸಿ ಇರುವಾಗ್ಲೇ ಎಳೀಬೇಕು. ಆರಿದ್ರೆ ಅದು ನಮ್ಮ ಮಾತು ಕೇಳುದಿಲ್ಲ," ಎನ್ನುತ್ತಾರೆ, ಕೆಂಪಾದ ಬೆರಳುಗಳನ್ನು ಕೊಡವುತ್ತ.

ಟೋಪಿ ಈ ಮನೆತನದ ಕಸುಬು. ಕಾಂತಪ್ಪನವರ ತಂದೆ ಕಾರ್ಕಳದ ಬಳಿ ಅಡಿಕೆ ಹಾಳೆಯ ಮುಟ್ಟಾಳೆ ಮಾಡುತ್ತಿದ್ದರು. ಊರಿನ ಗದ್ದೆಗಳಲ್ಲಿ ಕಾಣುತ್ತಿದ್ದ ಟೋಪಿಗಳೆಲ್ಲ ಅವರ ಕೈಕೆಲಸವೇ. ನರ್ಸ್ ಆಗಿದ್ದ ಹೆಂಡತಿ ಕುಸುಮಾವತಿಯವರ ಜೊತೆ ಸಿಡ್ನಿಗೆ ಬಂದ ಕಾಂತಪ್ಪ, ಇಲ್ಲಿಯೂ ಹಳೆಯದೊಂದು ಟೋಪಿ ಕಾರ್ಖಾನೆಯನ್ನೇ ಹುಡುಕಿಕೊಂಡು ಹೋಗಿ ಕೆಲಸಕ್ಕೆ ಸೇರಿದರು. ಅದು ಮುಚ್ಚಿದಾಗ, ಸೌದೆಯಾಗಲಿದ್ದ ಅಚ್ಚುಗಳನ್ನು ಕೇಳಿ ಪಡೆದು ಈ ಗ್ಯಾರೇಜಿನಲ್ಲಿ ಸ್ವಂತ ಕೆಲಸ ಶುರು ಮಾಡಿದರು.

ಕೆಲವು ವರ್ಷಗಳ ಹಿಂದೆ ಕುಸುಮಾವತಿಯವರಿಗೆ ಕ್ಯಾನ್ಸರ್ ಕಾಣಿಸಿಕೊಂಡಿತು. ಗ್ಯಾರೇಜಿಗೆ ಬೀಗ ಬಿತ್ತು. ಕಿಮೋ ಶುರುವಾಗಿ ಕೂದಲು ಉದುರಿದ ಮೇಲೆ, ಕಾಂತಪ್ಪ ತಾವು ಮಾಡಿದ್ದರಲ್ಲೇ ಚೆಂದದ ಟೋಪಿಯೊಂದನ್ನು ತಂದು ಹೆಂಡತಿಯ ತಲೆಗಿಟ್ಟರು. ಅವರು ಕೂಡಲೇ ತೆಗೆದುಬಿಟ್ಟರು.

"ನಿಮ್ಮ ಟೋಪಿ ಚುಚ್ತದೆ ಮಾರಾಯ್ರೆ ಅಂದೆ. ಇವರು ಇಷ್ಟು ವರ್ಷ ಹೊಲಿದದ್ದು ಕೂದಲಿದ್ದ ತಲೆಗೇ ಅಲ್ವಾ!" ಕುಸುಮಾವತಿ ಈಗ ನಗುತ್ತಾರೆ. ಕಾಂತಪ್ಪ ನಗುವುದಿಲ್ಲ. "ಅವಳಿಗೇ ಆಗುವ ಟೋಪಿ ನನ್ನ ಹತ್ರ ಇರ್ಲಿಲ್ಲ. ತುಂಬ ಬೇಜಾರಾಯ್ತು."

ಬೀಗ ತೆಗೆದು ಮತ್ತೆ ಕೆಲಸಕ್ಕೆ ಕೂತರು. ಹಳೆಯ ಹತ್ತಿ ಸೀರೆ ಕತ್ತರಿಸಿ, ಹೊಲಿಗೆಯನ್ನೆಲ್ಲ ಹೊರಮೈಗೆ ತಿರುಗಿಸಿ ನೋಡಿದರು. ಮೊದಲನೆಯದು ಕಣ್ಣಿನ ಮೇಲೆ ಜಾರಿತು, ಮುಂದಿನದು ಕಿವಿಗೆ ಒತ್ತಿತು. ಕೊನೆಗೊಂದು ಟೋಪಿಯನ್ನು ಹಾಕಿಕೊಂಡೇ ಕುಸುಮಾವತಿ ನಿದ್ದೆ ಹೋದರು. ಮುಂದಿನ ಕಿಮೋಗೆ ಅದರಲ್ಲೇ ಹೋದಾಗ, ಪಕ್ಕದ ಕುರ್ಚಿಯ ಹೆಂಗಸು ಮುಟ್ಟಿ ನೋಡಿ ತನಗೂ ಬೇಕೆಂದಳು.

ಈಗ ಉಣ್ಣೆಯ ಟೋಪಿಗಿಂತ ಇದಕ್ಕೇ ಬೇಡಿಕೆ. ಗುಣವಾದ ಕುಸುಮಾವತಿ ಬಂದವರ ತಲೆಯ ಅಳತೆ ತೆಗೆಯುತ್ತಾರೆ. ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿರುವ ಮಗಳು ನವ್ಯಾ, ಶಾಲೆ ಮಕ್ಕಳ ಬಿಸಿಲು ಟೋಪಿಗಳ ನಡುವೆ ಇವನ್ನೂ ಹೊಲಿಯುತ್ತಾಳೆ. "ಅಪ್ಪ ವಿಡಿಯೋ ಕಾಲ್‌ನಲ್ಲಿ ಚೆಕ್ ಮಾಡ್ತಾರೆ. ಒಂದು ಸ್ಟಿಚ್ ಒಳಗೆ ಬಂದ್ರೂ ಬಿಚ್ಚಿಸ್ತಾರೆ," ಎಂದು ಫೋನಿನಲ್ಲಿ ದೂರುತ್ತಾಳೆ.

ಟೋಪಿ ಕೊಂಡವರು ಮತ್ತೆ ಬರುತ್ತಾರೆಯೇ ಎಂದು ಕೇಳಿದರೆ ಕಾಂತಪ್ಪ ಅಚ್ಚಿನ ಸುತ್ತಲಿನ ದಾರವನ್ನು ಇನ್ನೊಮ್ಮೆ ಬಿಗಿಯುತ್ತಾರೆ. "ಕೂದಲು ಬಂದ ಮೇಲೆ ಯಾರಿಗೆ ಬೇಕು ಇದು? ಆದ್ರೂ ಕೆಲವರು ಬರ್ತಾರೆ. ತಲೆ ಬಗ್ಗಿಸಿ, ಕೂದಲು ತೋರಿಸಿ ಹೋಗ್ತಾರೆ. ಇನ್ನು ಟೋಪಿ ಬೇಡ ಅಂತ ಹೇಳ್ಲಿಕ್ಕೆ ಬರುವ ಗಿರಾಕಿ ಬೇರೆ ಯಾರಿಗುಂಟು?"