ಬಾಗಿಲ ಮುಂದೆ ಚಿಗರಿ ಮರಿ

ಯಡ್ರಾಮಿ ಕಡೆಯ ನಮ್ಮ ಹೊಲಕ್ಕೆ ಚಿಗರಿ, ಅಂದರೆ ಕೃಷ್ಣಮೃಗ, ನೋಡಲು ಜನ ಬರುತ್ತಾರೆ. ಅವರಿಗೆ ನಾನು ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕುತ್ತೇನೆ. ಈ ದುಡಿಮೆ ಸಿಕ್ಕ ಮೇಲೆಯೇ ನನ್ನ ಮಗ ಬೆಳೆ ಮೇಯುವ ಚಿಗರಿಗಳ ಮೇಲೆ ನಾಯಿ ಬಿಡುವುದನ್ನು ನಿಲ್ಲಿಸಿದ. ಮರಿಗಳ ಹತ್ತಿರ ಯಾರೂ ಹೋಗಬಾರದು ಎಂಬುದು ನಾನೇ ಹಾಕಿದ ಕಟ್ಟಳೆ.

ಒಂದು ಮಧ್ಯಾಹ್ನ ಕಲಬುರಗಿಯ ಹೆಣ್ಣುಮಗಳೊಬ್ಬಳು ನಮ್ಮ ಜೋಪಡಿಯೊಳಗೆ ಉಣ್ಣುತ್ತಿದ್ದಳು. ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದ ಹುಲ್ಲಿನಲ್ಲಿ ತಾಯಿ ಚಿಗರಿ ತನ್ನ ಮರಿಯನ್ನು ಮಲಗಿಸಿ ಮೇಯಲು ಹೋಯಿತು. ನಾವು ಹೊರಬಿದ್ದರೆ ಮರಿ ಬೆದರಿ ಓಡುತ್ತದೆ, ಊರ ನಾಯಿಗಳ ಬಾಯಿಗೆ ಬೀಳುತ್ತದೆ.

"ಆಯಿ, ಒಂದ ಫೋಟೋ ಹೊಡ್ಕೊಂಡ ಬರ್ತೇನ್ರಿ," ಎಂದಳು ಆಕೆ.

"ಸುಮ್ನ ಕುಂದರ ಬೇ. ನನಗೇ ಹೊರಕಡಿಗಿ ಅವಸರ ಆಗ್ಯದ, ತಡಕೊಂಡ ಕುಂತೇನಿ. ನಿನ್ನ ಫೋಟೋ ಏನ್ ದೊಡ್ಡದು?"

ಆಕೆ ನಕ್ಕು ಕುಳಿತಳು. ಒಳಗೆ ಒಲೆಯ ಹೊಗೆ, ಮೇಲೆ ಕಾದ ತಗಡು. ನನಗೆ ನಗು ಬರಲಿಲ್ಲ. ಕಟ್ಟಳೆ ಹಾಕಿದವಳೇ ದಾಟಿದರೆ ನಾಳೆ ಬಂದವರು ಕೇಳುತ್ತಾರೆಯೇ?

ಹೊತ್ತು ಇಳಿದ ಮೇಲೆ ತಾಯಿ ಬಂದು ಹಾಲೂಡಿಸಿ ಮರಿಯನ್ನು ಕರೆದುಕೊಂಡು ಹೋಯಿತು. ನಿಂತು ನೋಡುವ ಪುರುಸೊತ್ತು ನನಗಿರಲಿಲ್ಲ. ಚಂಬು ಹಿಡಿದು ಬೇಲಿಯ ಕಡೆ ಓಡಿದೆ.